ಒಂದು ಬೆರಳಿನ ಮಾರ್ಜಿನ್

ಆ ದಿನ ಬೆಳಿಗ್ಗೆ ಮುಷ್ಟಿ ಕಟ್ಟಲು ಅವಳಿಗೆ ಐವತ್ತು ನಿಮಿಷ ಬೇಕಾಯಿತು.

ಮಂಚದ ತುದಿಯಲ್ಲಿ ಕೂತು, ಎರಡೂ ಕೈಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ಇಳಿಬಿಟ್ಟು, ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು. ಬೆರಳುಗಳು ಎರವಲು ತಂದವುಗಳ ಹಾಗೆ ಇದ್ದವು. ಅವಳ ಮಾತು ಅವಕ್ಕೆ ತಿಳಿಯುತ್ತಿರಲಿಲ್ಲ. ಮೊದಲು ಕಿರುಬೆರಳು ಮಡಚಿತು, ಆಮೇಲೆ ಅದರ ಪಕ್ಕದ್ದು. ತೋರುಬೆರಳು ಎಂದಿನಂತೆ ಕೊನೆಗೆ, ಕರೆದು ಕರೆದು ಸಾಕಾದ ಮೇಲೆ ಬರುವ ದೊಡ್ಡಮನುಷ್ಯನ ಹಾಗೆ. ಅದರ ಬುಡದ ಗೆಣ್ಣು ಕೆಂಪಗೆ ಊದಿ ಹೊಳೆಯುತ್ತಿತ್ತು.

ಕೈ ಒರೆಸಿಕೊಂಡು, ಪೆನ್ಸಿಲನ್ನು ಹೆಬ್ಬೆರಳಿನ ಸಂದಿಗೆ ಸಿಕ್ಕಿಸಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದಳು. ತಾರೀಕು. ಐವತ್ತು ನಿಮಿಷ. ಹಿಂದಿನ ದಿನ ಏನಾಯಿತು ಎಂದು ಬರೆಯಬೇಕಾದ ಜಾಗದಲ್ಲಿ ಒಂದೇ ಪದ: ತಮ್ಮ.

ನೋಟ್‌ಬುಕ್ಕು ಡಾಕ್ಟರಮ್ಮನ ಅಪ್ಪಣೆ. ಅವಳದು ರುಮಟಾಯ್ಡ್ ಕೀಲುವಾತ. ಬಂದು ಆರು ವರ್ಷವಾಗಿತ್ತು. "ಮನೆ ಕಾಯೋ ಪಹರೆಯವನೇ ಮನೆಯವರನ್ನ ಕಳ್ಳರು ಅಂದ್ಕೊಂಡು ಹೊಡೆಯೋ ಕಾಯಿಲೆ ಇದು," ಎಂದಿದ್ದರು ಡಾಕ್ಟರಮ್ಮ ಮೊದಲ ದಿನವೇ. "ಚಿಂತೆಯಿಂದ ಹುಟ್ಟಿದ್ದಲ್ಲ. ಆದ್ರೆ ಚಿಂತೆ, ಸಿಟ್ಟು, ನಿದ್ದೆಗೇಡು ಸೇರಿದ್ರೆ ಕೆರಳುತ್ತೆ. ಯಾವಾಗ ಕೆರಳುತ್ತೆ ಅಂತ ಬರೆದಿಡಿ, ನೋಡೋಣ." ಮೂರು ತಿಂಗಳ ಮೇಲೆ ಪುಟಗಳನ್ನು ತಿರುವಿ, ಕನ್ನಡಕ ತೆಗೆದು ಕೇಳಿದ್ದರು: "ಎಲ್ಲಿ ನೋಡಿದ್ರೂ ತಮ್ಮ, ತಮ್ಮ. ನಾನು ಮಾತ್ರೆ ನಿಮಗೆ ಬರೀಲೋ ಅವರಿಗೆ ಬರೀಲೋ?"

"ಅವನಿಗೇ ಬರೀರಿ. ಇರೋದ್ರಲ್ಲಿ ಕಹಿಯಾದದ್ದನ್ನ," ಎಂದಿದ್ದಳು.

ಅವಳ ಕೋಣೆಯ ಕೆಳಗೇ ಅಂಗಡಿ. ಅಪ್ಪ ಕಟ್ಟಿದ ಅಂಗಡಿ. ಆಸ್ಪತ್ರೆ, ಶಾಲೆ, ಬಸ್ ಡಿಪೋಗಳಿಗೆ ಸಮವಸ್ತ್ರ ಹೊಲಿಯುವುದು. ಅಪ್ಪ ಹೋದ ಮೇಲೆ ಇಪ್ಪತ್ತೆರಡು ವರ್ಷ ಕತ್ತರಿಸುವ ಮೇಜು ಅವಳದು, ಗಿರಾಕಿಗಳ ಜೊತೆ ಮಾತಾಡುವ ಕೌಂಟರು ತಮ್ಮನದು. ಅವನು ಮಾತಿನಲ್ಲೇ ಮಹಡಿ ಕಟ್ಟುವವನು. ಬಟ್ಟೆ ಮುಟ್ಟಿದ್ದು ಕಡಿಮೆ.

ಅಪ್ಪ ಅವಳಿಗೆ ಕಲಿಸಿದ್ದರಲ್ಲಿ ಒಂದು ಪದ್ಧತಿಯನ್ನು ಬೇರೆ ಅಂಗಡಿಯವರು ಕೇಳಿದರೆ ನಗುತ್ತಿದ್ದರು. ಅಳತೆಯ ರಟ್ಟುಗಳನ್ನು ಅವನು ಮಾರ್ಜಿನ್ ಇಲ್ಲದೆ ಕತ್ತರಿಸುತ್ತಿದ್ದ. ಹೊಲಿಗೆಯ ಒಳಗೆ ಮಡಚಿಹೋಗುವ ಅಂಚು ರಟ್ಟಿನಲ್ಲಿ ಇರುವುದೇ ಇಲ್ಲ. "ತೆಳು ಬಟ್ಟೆಗೆ ಒಂದು, ದಪ್ಪ ಬಟ್ಟೆಗೆ ಒಂದು. ರಟ್ಟಿಗೇನು ಗೊತ್ತು? ಬೆರಳಿಗೆ ಗೊತ್ತು," ಅನ್ನುತ್ತಿದ್ದ. ರಟ್ಟನ್ನು ಬಟ್ಟೆಯ ಮೇಲಿಟ್ಟು, ಅದರ ಅಂಚಿಗೆ ತೋರುಬೆರಳನ್ನು ಒತ್ತಿ ಮಲಗಿಸಿ, ಬೆರಳಿನ ಆಚೆ ಬದಿಗೆ ಸೀಮೆಸುಣ್ಣದಿಂದ ಗೆರೆ ಎಳೆದುಕೊಂಡು ಹೋಗಬೇಕು. ಕತ್ತರಿ ಓಡುವುದು ಸೀಮೆಸುಣ್ಣದ ಗೆರೆಯ ಮೇಲೆ, ರಟ್ಟಿನ ಅಂಚಿನಲ್ಲಲ್ಲ. ಇದನ್ನು ಅವಳು ಕಲಿಯುವಾಗ ತಮ್ಮನೋ ಬೀದಿಯಲ್ಲಿ ಚೆಂಡಿನ ಹಿಂದೆ ಓಡುತ್ತಿದ್ದ.

ಕಾಯಿಲೆ ಬಂದ ಮೇಲೆ ಬೆರಳು ಊದಿದ ದಿನ ಮಾರ್ಜಿನ್ ದಪ್ಪಗೆ ಬೀಳುತ್ತಿತ್ತು, ಇಳಿದ ದಿನ ತೆಳ್ಳಗೆ. ಇದನ್ನು ಕಂಡುಹಿಡಿದವನು ಒಬ್ಬನೇ: ಮೂವತ್ತು ವರ್ಷದಿಂದ ಅಲ್ಲಿ ಹೊಲಿಯುತ್ತಿದ್ದ, ಎಲ್ಲರೂ ಮಷಿನ್ ತಾತ ಎಂದು ಕರೆಯುತ್ತಿದ್ದ ಮುದುಕ. "ಏನಮ್ಮಾ, ಈ ವಾರ ಮನೇಲಿ ಮಾತುಕತೆ ಜೋರಾಗಿತ್ತಾ? ಅಂಚು ಕಾಲುವೆ ಹಾಗೆ ಬಿದ್ದಿದೆ," ಅನ್ನುತ್ತಿದ್ದ. ಊರಿನ ನರ್ಸುಗಳ, ಬಸ್ ಕಂಡಕ್ಟರುಗಳ ಅಂಗಿಗಳ ಒಳಗೆ, ಯಾರಿಗೂ ಕಾಣದಂತೆ, ಅವಳ ಕೆಟ್ಟ ದಿನಗಳು ಮಡಚಿ ಹೊಲಿಸಿಕೊಂಡು ಓಡಾಡುತ್ತಿದ್ದವು.

ತಮ್ಮನಿಗೆ ಕಾಣುತ್ತಿದ್ದದ್ದು ಬೇರೆ. ಅವನ ಜೊತೆ ಜಗಳವಾದ ಮರುದಿನವೋ ಅದರ ಮರುದಿನವೋ ಅಕ್ಕನ ಕೈ ಊದಿಕೊಳ್ಳುತ್ತದೆ. ಜಗಳವಿಲ್ಲದ ವಾರ ಚೆನ್ನಾಗಿರುತ್ತದೆ. ಅಷ್ಟನ್ನೇ ಕೂಡಿಸಿ ಅವನು ಲೆಕ್ಕ ಮುಗಿಸಿದ್ದ: ಇದು ಕಾಯಿಲೆಯಲ್ಲ, ಮುನಿಸು.

ಆ ಮಾತು ಬಾಯಿಂದ ಹೊರಗೆ ಬಂದದ್ದು ಮೂರು ವಾರದ ಹಿಂದೆ. ಆಸ್ಪತ್ರೆಯ ಹಿರಿಯ ನರ್ಸು, ಜೊತೆಗೆ ಇನ್ನಿಬ್ಬರು, ನೂರಿಪ್ಪತ್ತು ಮೇಲಂಗಿಗಳ ಕೆಲಸ ಕೊಡಲು ಬಂದಿದ್ದರು. ಬಟ್ಟೆಯೂ ಅವರದೇ, ತಿಳಿನೀಲಿ. ಹಿರಿಯ ನರ್ಸು ಅವಳ ಮಣಿಕಟ್ಟಿನ ಪಟ್ಟಿ ನೋಡಿ, "ಕೈ ಹೇಗಿದೆ?" ಎಂದು ಕೇಳಿದರು. ಉತ್ತರ ಕೊಟ್ಟದ್ದು ತಮ್ಮ.

"ಅಕ್ಕನ ಕೈ ಮುಗೀತು ಮೇಡಂ. ನನ್ನ ಜೊತೆ ಜಗಳ ಆದ್ರೆ ಊದುತ್ತೆ, ರಾಜಿಯಾದ್ರೆ ಇಳಿಯುತ್ತೆ. ಇಂಥ ಕಾಯಿಲೆ ಯಾವ ಪುಸ್ತಕದಲ್ಲಿದೆ? ನಾಟಕ ಕಂಪನಿಗೆ ಸೇರಿಸಿದ್ರೆ ನಾಲ್ಕು ಜನ ಚಪ್ಪಾಳೆ ತಟ್ಟೋರು. ನೀವೇನೂ ಯೋಚನೆ ಮಾಡ್ಬೇಡಿ, ಕತ್ತರಿಸೋ ಮಷಿನ್ ತರಿಸ್ತಿದ್ದೀನಿ. ರಟ್ಟು ಇದೆ, ಕರೆಂಟು ಇದೆ. ಕೈ ಯಾರಿಗೆ ಬೇಕು?"

ಜೊತೆಗಿದ್ದ ನರ್ಸುಗಳಿಬ್ಬರು ನಕ್ಕರು. ಕಾಯಿಲೆಯವರನ್ನು ದಿನಾ ನೋಡುವವರು ನಕ್ಕದ್ದು ಅವಳಿಗೆ ಹೆಚ್ಚು ನಾಟಿತು. ಹಿರಿಯ ನರ್ಸು ನಗಲಿಲ್ಲ, ಆದರೆ ಏನೂ ಅನ್ನಲೂ ಇಲ್ಲ.

ಮಷಿನು ಬಂತು. ಅವಳನ್ನು ಕಾಜ-ಗುಂಡಿಯ ಮೇಜಿಗೆ ಕೂರಿಸಿದ. "ಕೂತು ಮಾಡೋ ಸುಲಭದ ಕೆಲಸ, ಅಕ್ಕ," ಎಂದ. ಊದಿದ ಬೆರಳಿಗೆ ದೊಡ್ಡ ಕತ್ತರಿಯಾದರೂ ಒಗ್ಗುತ್ತದೆ; ಸಣ್ಣ ಸೂಜಿ ಮಾತ್ರ ಶತ್ರು. ಅದು ಅವನಿಗೆ ಗೊತ್ತಿತ್ತೋ ಇಲ್ಲವೋ ಎಂದು ಅವಳು ಯೋಚಿಸುತ್ತ ಮಲಗುತ್ತಿದ್ದಳು. ಗೊತ್ತಿದ್ದೇ ಮಾಡಿದ ಎಂದು ತೀರ್ಮಾನಿಸಿದ ದಿನ ನಿದ್ದೆ ಬರಲಿಲ್ಲ. ಗೊತ್ತಿಲ್ಲದೆ ಮಾಡಿದ ಎಂದುಕೊಂಡ ದಿನ ನಿದ್ದೆ ಹತ್ತಿರವೂ ಸುಳಿಯಲಿಲ್ಲ. ನಿಮಿಷಗಳು ಇಪ್ಪತ್ತೈದರಿಂದ ಮೂವತ್ತೈದಕ್ಕೆ, ಅಲ್ಲಿಂದ ಐವತ್ತಕ್ಕೆ ಏರಿದವು. ಅವನಿಗೆ ಹೇಗೆ ನಾಟಿಸಬೇಕು ಎಂದು ಅವಳು ಮನಸ್ಸಿನಲ್ಲಿ ಹಾಕುತ್ತಿದ್ದ ಒಂದೊಂದು ಹೊಂಚಿನ ಬಾಡಿಗೆಯನ್ನು ಮೊದಲು ಅವಳ ಗೆಣ್ಣುಗಳೇ ಕಟ್ಟುತ್ತಿದ್ದವು.

ಆದರೆ ಹೊಂಚು ಹಾಕುವ ಅಗತ್ಯವೇ ಬೀಳಲಿಲ್ಲ. ಮುಷ್ಟಿಗೆ ಐವತ್ತು ನಿಮಿಷ ಹಿಡಿದ ಆ ಬೆಳಿಗ್ಗೆಯೇ, ಅವಳು ಕೈಗೆ ಪಟ್ಟಿ ಸುತ್ತಿಕೊಂಡು ಕೆಳಗಿಳಿದಾಗ, ಅಂಗಿಯ ತೋಳು ಮಡಚಿಕೊಂಡ ತಮ್ಮ ಕತ್ತರಿಸುವ ಮೇಜಿನ ಮುಂದೆ ನಿಂತಿದ್ದ. ತಿಳಿನೀಲಿ ಬಟ್ಟೆ ನಲವತ್ತು ಪದರ ಹಾಸಿತ್ತು. ಗೋಡೆಯ ಮೊಳೆಯಿಂದ ಮೇಲಂಗಿಯ ರಟ್ಟುಗಳನ್ನು ತೆಗೆದು, ಧೂಳು ಊದಿ, ಬಟ್ಟೆಯ ಮೇಲೆ ಒಂದರ ಪಕ್ಕ ಒಂದು ಜೋಡಿಸಿದ. ಸೀಮೆಸುಣ್ಣ ತೆಗೆದುಕೊಂಡು ರಟ್ಟಿನ ಸುತ್ತ, ಅಂಚಿಗೆ ತಾಗಿಸಿ, ಗೆರೆ ಎಳೆಯತೊಡಗಿದ.

ಅಂಚಿಗೆ ತಾಗಿಸಿ.

ಕಾಜ-ಗುಂಡಿಯ ಮೇಜಿನಲ್ಲಿ ಕೂತಿದ್ದ ಅವಳ ಸೂಜಿ ಗುಂಡಿಯ ತೂತಿನಲ್ಲೇ ನಿಂತಿತು. ಎಂಟು ಹೆಜ್ಜೆ ದೂರ. 'ಒಂದು ಬೆರಳು ಬಿಡೋ' ಎಂದರೆ ಸಾಕಿತ್ತು. ಮೂರು ಪದ. ಹೊಲಿಗೆಯಾದ ಮೇಲೆ ಎದೆಸುತ್ತಳತೆಯಲ್ಲಿ ನಾಲ್ಕು ಬೆರಳು ಕಡಿಮೆ ಬೀಳುತ್ತದೆ, ತೋಳು ಎತ್ತಲು ಬರುವುದಿಲ್ಲ, ನೂರಿಪ್ಪತ್ತು ಅಂಗಿಯ ಬಟ್ಟೆಯೂ ಹಾಳು. ಮೂರು ಪದದಲ್ಲಿ ಎಲ್ಲವೂ ಉಳಿಯುತ್ತಿತ್ತು.

ತಮ್ಮ ತಲೆಯೆತ್ತಿದ. "ಏನಕ್ಕ, ಹಾಗೆ ನೋಡ್ತಿದ್ದೀಯ? ತಪ್ಪು ಹುಡುಕ್ತಿದ್ದೀಯಾ? ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳಿಬಿಡು. ಆಮೇಲೆ ರಾಗ ಎಳೀಬೇಡ."

ಅವಳು ಹಲ್ಲು ಕಚ್ಚಿ ಕೂತಿದ್ದಳು. ದವಡೆಯ ಕೀಲು ಕಿವಿಯ ಹತ್ತಿರ ಚುಳ್ಳೆಂದಿತು.

"ನನ್ನದೇನಿದೆ ಹೇಳೋದು? ಕೈ ಮುಗಿದವಳಿಗೆ ಕಣ್ಣಿದ್ರೆಷ್ಟು, ಬಿಟ್ರೆಷ್ಟು."

"ಅದೂ ಸರಿ," ಎಂದು ನಕ್ಕು ಅವನು ಮಷಿನಿನ ಗುಂಡಿ ಒತ್ತಿದ. ಅಲಗು ಗುಂಯ್‌ಗುಡುತ್ತ ನೀಲಿಯೊಳಗೆ ಇಳಿಯಿತು. ಅವಳು ಗುಂಡಿ ಹಾಕುವುದನ್ನು ಮುಂದುವರಿಸಿದಳು. ಮಧ್ಯಾಹ್ನದೊಳಗೆ ಮೂರು ಹಾಸು ಮುಗಿದವು. ಕೈಯಲ್ಲಾಗಿದ್ದರೆ ನಾಲ್ಕು ದಿನದ ಕೆಲಸ. ಅವನು ಅದನ್ನು ಎರಡು ಸಲ ಹೇಳಿದ.

ಮೊದಲ ಕಟ್ಟು ಮಷಿನ್ ತಾತನ ಮುಂದೆ ಬಿತ್ತು. ಮುದುಕ ಒಂದು ತುಂಡನ್ನು ಎತ್ತಿ ಬೆಳಕಿಗೆ ಹಿಡಿದ, ಬೆರಳಿನಿಂದ ಅಂಚು ಸವರಿದ, ಕನ್ನಡಕದ ಮೇಲಿಂದ ಅವಳ ಕಡೆ ನೋಡಿದ. ಅವಳು ಅವನ ಕಣ್ಣನ್ನು ತಪ್ಪಿಸಲಿಲ್ಲ.

"ಏನ್ ತಾತ, ನಿಂತುಬಿಟ್ರಿ?" ಎಂದ ತಮ್ಮ ಕೌಂಟರಿನಿಂದ.

"ಏನಿಲ್ಲಪ್ಪ. ಕೊಟ್ಟದ್ದನ್ನ ಹೊಲಿಯೋನು ನಾನು," ಎಂದು ಮುದುಕ ದಾರ ಪೋಣಿಸಿದ.

ನಲವತ್ತು ಹೊಲಿದು ಮುಗಿಯುವವರೆಗೂ ಯಾರೂ ಒಂದನ್ನೂ ಯಾರ ಮೈಗೂ ಹಿಡಿದು ನೋಡಲಿಲ್ಲ. ಅಪ್ಪನ ರಟ್ಟು ಎಂದೂ ತಪ್ಪಿದ್ದಿಲ್ಲವಲ್ಲ. ಐದನೆಯ ದಿನ ಹಿರಿಯ ನರ್ಸು ಅದೇ ಇಬ್ಬರನ್ನು ಕರೆದುಕೊಂಡು ಬಂದರು. ಮೊದಲನೆಯವಳು ಪರದೆಯ ಹಿಂದೆ ಹೋದಳು. ಹೊರಗೆ ಬಂದಾಗ ಎರಡು ತೋಳೂ ಗುಬ್ಬಚ್ಚಿಯ ರೆಕ್ಕೆಯ ಹಾಗೆ ಪಕ್ಕಕ್ಕೆ ನಿಂತಿದ್ದವು.

"ಉಸಿರಾಡ್ಲೋ ಬೇಡ್ವೋ?" ಎಂದಳು.

"ಹೊಸ ಬಟ್ಟೆ, ಮೈಗೆ ಹೊಂದ್ಕೊಳ್ಳುತ್ತೆ," ಎಂದ ತಮ್ಮ.

"ಮೈ ಹೊಂದ್ಕೋಬೇಕೋ ಬಟ್ಟೆ ಹೊಂದ್ಕೋಬೇಕೋ?" ಎಂದರು ಹಿರಿಯ ನರ್ಸು. "ತೋಳೆತ್ತಮ್ಮ. ಡ್ರಿಪ್ ಬಾಟ್ಲಿ ನೇತುಹಾಕೋ ಹಾಗೆ ಎತ್ತು."

ಆ ನರ್ಸು ಎತ್ತಿದಳು. ಎದೆಯ ಗುಂಡಿ ಸಿಡಿದು, ನೆಲದ ಮೇಲೆ ಉರುಳಿ, ಕಾಜ-ಗುಂಡಿಯ ಮೇಜಿನ ಕೆಳಗೆ ಬಂದು ನಿಂತಿತು. ಎರಡನೆಯವಳದೂ ಹಾಗೆ. ಹತ್ತು ಅಂಗಿಗಳ ಮಡಿಕೆ ಬಿಚ್ಚಿ ನೋಡಿದರು, ಹತ್ತೂ ಹಾಗೆ. ತಮ್ಮ ರಟ್ಟು ತಂದು ಅಂಗಿಯ ಮೇಲಿಟ್ಟ, ತೆಗೆದ, ತಿರುಗಿಸಿ ಇಟ್ಟ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವವನು ಅವನು. ಆ ದಿನ ಮೀಸೆ ಒರೆಸಿಕೊಳ್ಳಲೂ ಕೈ ಬರಲಿಲ್ಲ. "ಇದೇ ಬಣ್ಣದ ಬಟ್ಟೆ ಇನ್ನು ಸಿಗಲ್ಲ," ಎಂದು ಹೇಳಿ ಹಿರಿಯ ನರ್ಸು ಹೊರಟರು. "ಮುಂದಿನ ವಾರ ಬರ್ತೀನಿ. ಅಷ್ಟರಲ್ಲಿ ಏನು ಹೇಳ್ತೀರಿ ಯೋಚಿಸಿಡಿ."

ಅವಳು ಬಗ್ಗಿ ಗುಂಡಿ ಎತ್ತಿಕೊಂಡಳು. ಬಗ್ಗಿದ್ದು, ಎತ್ತಿದ್ದು, ಎರಡೂ ನೋಯಲಿಲ್ಲ ಎಂದು ಗಮನಕ್ಕೆ ಬಂದದ್ದು ಆಮೇಲೆ.

ಮರುದಿನ ಬೆಳಿಗ್ಗೆ ಹತ್ತು ನಿಮಿಷ. ನೀರು ಇನ್ನೂ ಬಿಸಿಯಿರುವಾಗಲೇ ತೋರುಬೆರಳು ಅಂಗೈ ಮುಟ್ಟಿತು. ಅದರ ಮರುದಿನ ಎಂಟು. ಹೊಟ್ಟೆ ತಣ್ಣಗಾಯಿತು ಅನ್ನುತ್ತಾರಲ್ಲ, ಅವಳಿಗೆ ಗೆಣ್ಣು ತಣ್ಣಗಾಗಿತ್ತು. ಡಾಕ್ಟರಮ್ಮ ಕೈ ಒತ್ತಿ ನೋಡಿ, "ಹೋದ ತಿಂಗಳು ಬರೆದುಕೊಟ್ಟ ಹೊಸ ಮಾತ್ರೆ ಕೊನೆಗೂ ಹಿಡೀತು. ಏನು ಮಾಡ್ತಿದ್ದೀರೋ ಅದನ್ನೇ ಮುಂದುವರಿಸಿ," ಎಂದರು. ಮಾತ್ರೆಯೋ ಮತ್ತೊಂದೋ ಅವಳಿಗೂ ಖಚಿತವಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಮಾತ್ರ ಮೂರನೆಯ ಜಾಗದಲ್ಲಿ ಎಂದಿನ ಪದವನ್ನೇ ಬರೆದಳು.

ಮೂರನೆಯ ಸಂಜೆ ತಮ್ಮ ಮೆಟ್ಟಿಲು ಹತ್ತಿ ಬಂದ. ಅವನು ಆ ಕೋಣೆಗೆ ಬಂದು ಎರಡು ವರ್ಷವಾಗಿತ್ತು. ಕುರ್ಚಿಯಿದ್ದರೂ ಬಾಗಿಲಲ್ಲೇ ನಿಂತ.

"ಅಕ್ಕ, ರಟ್ಟಲ್ಲಿ ಮಾರ್ಜಿನ್ ಇಲ್ಲ."

"ಇಲ್ಲ."

"ನಿನಗೆ ಗೊತ್ತಿತ್ತು."

"ಅಪ್ಪ ಇರೋವಾಗಿಂದ ಗೊತ್ತು."

"ಮತ್ತೆ ಆವತ್ತು ಹೇಳಲಿಲ್ಲ. ಕಣ್ಣಾರೆ ನೋಡ್ತಾ ಕೂತಿದ್ದೆ."

"ಹೇಳಿದ್ರೆ ಅದನ್ನೂ ನಾಟಕ ಅಂತಿದ್ದೆ."

ಅವನು ಬಾಗಿಲ ಚೌಕಟ್ಟಿಗೆ ಒರಗಿದ. ಕೆಳಗೆ ಮಷಿನ್ ತಾತ ಬಾಗಿಲು ಹಾಕುವ ಸದ್ದು ಕೇಳಿಸಿತು. "ಆಸ್ಪತ್ರೆ ಹೋದ್ರೆ ಶಾಲೆನೂ ಹೋಗುತ್ತೆ, ಡಿಪೋನೂ ಹೋಗುತ್ತೆ. ಇದು ನಿನ್ನ ಅಂಗಡಿನೂ ಹೌದು ತಾನೆ? ಏನಾದ್ರೂ ದಾರಿ ಇದೆಯಾ?"

ದಾರಿ ಇತ್ತು. ಅಲಗು ನೀಲಿಯೊಳಗೆ ಇಳಿಯುವ ಮೊದಲೇ ಅವಳು ಅದನ್ನು ಯೋಚಿಸಿಟ್ಟಿದ್ದಳು. ಕಂಕುಳಿಂದ ಕೆಳಗಂಚಿನವರೆಗೆ, ತೋಳಿನ ಒಳಮಗ್ಗುಲಿಗೂ ಸೇರಿಸಿ, ಕಡುನೀಲಿ ಪಟ್ಟಿ ಕೊಟ್ಟರೆ ಅಳತೆ ಸರಿಹೋಗುತ್ತದೆ. ನೋಡಿದವರು ಬೇಕೆಂದೇ ಇಟ್ಟ ಅಲಂಕಾರ ಅಂದುಕೊಳ್ಳುತ್ತಾರೆ. ಅದನ್ನು ಹೇಳುವ ಮೊದಲು ಅವಳು ತನ್ನದನ್ನು ಹೇಳಿದಳು.

"ಕತ್ತರಿಸೋ ಮೇಜು ನನ್ನದು. ನಾನು ಗೆರೆ ಎಳೀತೀನಿ, ನೀನು ಮಷಿನ್ ಓಡಿಸು."

"ಸರಿ."

"ಆ ನರ್ಸುಗಳು ಬಂದಾಗ, ಆವತ್ತು ನಿಂತ ಜಾಗದಲ್ಲೇ ನಿಂತು, ಆವತ್ತು ಹೇಳಿದ್ದು ಸುಳ್ಳು ಅಂತ ಹೇಳ್ಬೇಕು. ನಾನು ಕೇಳಿಸ್ಕೋಬೇಕು."

ಅವನು ನೆಲ ನೋಡಿದ. "ಸರಿ."

"ಹೊಲಿದ ನಲವತ್ತನ್ನೂ ನೀನೇ ಬಿಚ್ಚಬೇಕು. ತಾತನಿಗೆ ಕೊಡೋಹಾಗಿಲ್ಲ, ಹೆಂಡತಿ ಕೈಲಿ ಮಾಡಿಸೋಹಾಗಿಲ್ಲ. ಒಂದೊಂದೇ ಹೊಲಿಗೆ, ಬ್ಲೇಡಿನ ತುದೀಲಿ, ಬಟ್ಟೆ ಹರೀದ ಹಾಗೆ. ಕೂತು ಮಾಡೋ ಸುಲಭದ ಕೆಲಸ."

ಅವನು ತಲೆಯೆತ್ತಿ ಅವಳನ್ನು ನೋಡಿದ; ಆ ಮಾತು ಯಾರದೆಂದು ಗುರುತು ಸಿಕ್ಕಿರಬೇಕು. "ನಿನಗೆ ಇಷ್ಟು ಹಟ ಇದೆ ಅಂತ ಗೊತ್ತಿರಲಿಲ್ಲ," ಎಂದ.

"ನಿನಗೆ ಗೊತ್ತಿಲ್ಲದ್ದು ಬೇಕಾದಷ್ಟಿದೆ. ದೀಪ ಹಾಕಿ ಹೋಗು."

ಕಾಜ-ಗುಂಡಿಯ ಮೇಜಿನಲ್ಲಿ ಮೂರು ದಿನ ಅವನು ಬಿಚ್ಚಿದ. ಒಂದು ಅಂಗಿಗೆ ಸಾವಿರ ಹೊಲಿಗೆಯಾದರೂ ಇತ್ತು. ತಾತನ ಹೊಲಿಗೆ ಇರುವೆ ಸಾಲಿನಷ್ಟು ಒತ್ತೊತ್ತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಬ್ಲೇಡು ಹಿಡಿದು ಹಿಡಿದು ಬೆರಳ ತುದಿಗಳು ಬಿಳುಚಿಕೊಂಡವು. ಎರಡು ಕಡೆ ಗೀರಿ ರಕ್ತ ಬಂತು. ಬಾಯಲ್ಲಿಟ್ಟುಕೊಂಡ. ಐದು ವರ್ಷದವನಿದ್ದಾಗ ಶಾಲೆಗೆ ಹೊರಡುವ ಮುನ್ನ ಇದೇ ಬೆರಳುಗಳಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿಸಿದ್ದು ಅವಳೇ. ಅದು ನೆನಪಾಯಿತು. ನೆನಪಾದದ್ದಕ್ಕೆ ಏನು ಮಾಡಬೇಕೋ ತಿಳಿಯದೆ ಕಡುನೀಲಿ ಬಟ್ಟೆಯ ಮೇಲೆ ಇನ್ನೊಂದು ಗೆರೆ ಎಳೆದಳು.

ನಾಲ್ಕನೆಯ ದಿನ ಬೆಳಿಗ್ಗೆ ಅವನು ಅಂಗಡಿಗೆ ಬಂದಾಗ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ಮಷಿನ್ ತಾತ ಟೀ ಲೋಟ ಕೊಟ್ಟ. ಹಿಡಿಯಲಾಗದೆ ಅರ್ಧ ಟೀ ಅಂಗಿಯ ಮೇಲೆ ಚೆಲ್ಲಿಕೊಂಡ.

"ಬೆರಳು ಮಡಚೋಕೇ ಆಗ್ತಿಲ್ಲ ಅಕ್ಕ. ಬೆಳಿಗ್ಗೆ ಎದ್ದು ನೋಡಿದ್ರೆ ಕಟ್ಟಿಗೆ ಹಾಗಿದೆ. ಬಾಚಣಿಗೆ ಹಿಡಿಯೋಕಾಗಲಿಲ್ಲ."

ಅವಳು ಸೀಮೆಸುಣ್ಣದ ಪುಡಿ ಊದಿದಳು. ನರ್ಸುಗಳು ನಕ್ಕ ದಿನದಿಂದ ಒಂದು ಮಾತು ಬಾಯಲ್ಲಿ ಕಾದುಕೊಂಡಿತ್ತು. ಈಗ ಅವಸರವೇನೂ ಇರಲಿಲ್ಲ.

"ನಾಟಕ ಆಡ್ಬೇಡ," ಎಂದಳು. "ಇನ್ನೂ ಆರು ಅಂಗಿ ಇದೆ."

ತಾತನ ಮಷಿನು ಒಂದು ಕ್ಷಣ ನಿಂತು ಮತ್ತೆ ಓಡಿತು.

ಆರನ್ನೂ ಬಿಚ್ಚಿದ. ಮುಂದಿನ ವಾರ ನರ್ಸುಗಳು ಬಂದರು. ಪಟ್ಟಿ ಕೂಡಿಸಿದ ಅಂಗಿ ತೊಟ್ಟು ತೋಳೆತ್ತಿ ನೋಡಿದರು, ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದರು. ತಮ್ಮ ಕೌಂಟರಿನ ಮುಂದೆ, ಆವತ್ತಿನ ಜಾಗದಲ್ಲೇ ನಿಂತು, ಗೋಡೆಯ ಕಡೆ ಮುಖ ಮಾಡಿ ಹೇಳಿದ: "ಅಕ್ಕನ ಕೈ ಮುಗಿದಿಲ್ಲ ಮೇಡಂ. ಅದು ಕಾಯಿಲೆನೇ. ನಾನು ಆವತ್ತು ಹೇಳಿದ್ದು ಸುಳ್ಳು."

"ಕೇಳಿಸ್ಲಿಲ್ಲ," ಎಂದಳು ಅವಳು ಮೇಜಿನ ಹಿಂದಿನಿಂದ.

ಅವನು ತಿರುಗಿ ಇನ್ನೊಮ್ಮೆ ಹೇಳಿದ. ನಕ್ಕಿದ್ದ ನರ್ಸುಗಳಿಬ್ಬರೂ ಪರದೆಯ ಕಡೆ ನೋಡುತ್ತ ನಿಂತರು. ಹಿರಿಯ ನರ್ಸು, "ಆವತ್ತು ನಾನೇ ಹೇಳ್ಬೇಕಿತ್ತು," ಎಂದಷ್ಟೇ ಅಂದು ಅಂಗಿಗಳನ್ನು ಎಣಿಸಿಕೊಂಡರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎರಡು ದಿನದ ಮೇಲೆ ಅಂಗಡಿಯ ಬೀಗದ ಕೈಗೊಂಚಲನ್ನು ತೋರುಬೆರಳಿಗೆ ಸಿಕ್ಕಿಸಿ, ಗಿರಗಿರ ತಿರುಗಿಸುತ್ತ, ಸಿಳ್ಳೆ ಹಾಕುತ್ತ ತಮ್ಮ ಬಂದ. ಬೆರಳು ಪೂರ್ತಿ ವಾಸಿಯಾಗಿತ್ತು. ಅವನ ನೋವಿಗೆ ಒಂದು ವಾರದ ಆಯಸ್ಸು ಮಾತ್ರ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದರೂ ಆ ಬೀಗದ ಕೈಗಳ ಸದ್ದು ಎದೆಗೆ ಹೊಕ್ಕಿತು. ಮರುದಿನ ಬೆಳಿಗ್ಗೆ ಮುಷ್ಟಿ ಕಟ್ಟಲು ನಲವತ್ತು ನಿಮಿಷ. ಮತ್ತೆ ಬೋಗುಣಿ, ಮತ್ತೆ ಗಡಿಯಾರ. ಮೂರನೆಯ ಜಾಗದಲ್ಲಿ ಏನು ಬರೆಯಬೇಕೋ ಹೊಳೆಯಲಿಲ್ಲ. ಹಿಂದಿನ ದಿನ ತಮ್ಮ ಏನೂ ಮಾಡಿರಲಿಲ್ಲ, ಸಿಳ್ಳೆ ಹಾಕಿದ್ದನ್ನು ಬಿಟ್ಟರೆ. ಖಾಲಿ ಬಿಟ್ಟಳು.

ಹತ್ತು ದಿನದಲ್ಲಿ ಅದೂ ಇಳಿಯಿತು. ಡಿಪೋದ ಅಂಗಿಗಳ ಬಟ್ಟೆ ಹಾಸಿ ಅವಳು ಗೆರೆ ಎಳೆದು ಮುಗಿಸಿದ ಹೊತ್ತಿಗೆ ತಮ್ಮ ಪೆನ್ನೊಂದನ್ನು ಹಿಡಿದುಕೊಂಡು ಬಂದ.

"ಅಕ್ಕ, ಒಂದು ಮಾತು. ಯಾವ ಬಟ್ಟೆಗೆ ಎಷ್ಟು ಮಾರ್ಜಿನ್ ಅಂತ ಒಂದೊಂದು ರಟ್ಟಿನ ಮೇಲೂ ಬರೆದುಬಿಡು. ಇಂಥದ್ದು ಇನ್ನೊಂದ್ಸಲ ಆಗೋದು ಬೇಡ. ನಿನಗೂ ಹಗುರ."

ಹಗುರ. ಬರೆದ ದಿನ ರಟ್ಟು ಇರುತ್ತದೆ, ಕರೆಂಟು ಇರುತ್ತದೆ. ಕೈ ಯಾರಿಗೆ ಬೇಕು?

ಅವಳು ಬಲಗೈಯನ್ನು ನಿಧಾನವಾಗಿ ಮೇಜಿನ ಕೆಳಗಿಳಿಸಿ ಮಡಿಲಲ್ಲಿ ಇಟ್ಟುಕೊಂಡಳು. ಮುಖವನ್ನು ಸ್ವಲ್ಪ ಕಿವುಚಿದಳು. ಹೇಗೆ ಕಿವುಚಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಇವತ್ತು ಆಗಲ್ಲಪ್ಪ. ಬೆರಳು ತುಂಬಾ ನೋಯ್ತಿದೆ."

"ಗೆರೆ ಎಳೆದ್ಯಲ್ಲ ಈಗ?"

"ಸೀಮೆಸುಣ್ಣ ಅಂಗೈಯಲ್ಲಿ ಹಿಡಿದ್ರೂ ನಡೆಯುತ್ತೆ. ಪೆನ್ನಿಗೆ ಬೆರಳ ತುದಿ ಬೇಕು."

ತಮ್ಮ ತಕ್ಷಣ ಪೆನ್ನು ಜೇಬಿಗೆ ಹಾಕಿಕೊಂಡ. ಕುರ್ಚಿ ಎಳೆದು ಅವಳ ಹಿಂದೆ ಇಟ್ಟ. "ಕೂತ್ಕೋ ಅಕ್ಕ, ಕೂತ್ಕೋ. ಅವಸರ ಏನಿಲ್ಲ. ಯಾವಾಗ ಆಗುತ್ತೋ ಆವಾಗ ಬರಿ," ಎಂದು ಮೆಲ್ಲಗೆ ಹೇಳಿ ಕೌಂಟರಿಗೆ ಹೋದ. ಆರು ವರ್ಷದಲ್ಲಿ ಮೊದಲ ಸಲ ಅವನು ಅವಳ ನೋವನ್ನು ನಂಬಿದ್ದ.

ಮೇಜಿನ ಕೆಳಗೆ ಅವಳ ಮುಷ್ಟಿ ಮುಚ್ಚಿತು, ಬಿಚ್ಚಿತು, ಮತ್ತೆ ಮುಚ್ಚಿತು. ಎಲ್ಲೂ ಒಂದು ಎಳೆ ನೋವಿರಲಿಲ್ಲ.

ಮಷಿನ್ ತಾತ ಗೆರೆ ಎಳೆದಿದ್ದ ಬಟ್ಟೆಯ ಹತ್ತಿರ ಬಂದು ಬಗ್ಗಿದ. ರಟ್ಟಿನ ಅಂಚಿಗೂ ಸೀಮೆಸುಣ್ಣದ ಗೆರೆಗೂ ನಡುವೆ ಬೆರಳಾಡಿಸಿದ. ಕನ್ನಡಕದ ಮೇಲಿಂದ ಅವಳನ್ನು ನೋಡಿದ.

"ಈ ಸಲ ಅಂಚು ತೆಳ್ಳಗಿದೆಯಮ್ಮ."

"ನೀವು ಹೊಲೀರಿ ತಾತ," ಎಂದಳು ಅವಳು.